ಬ್ಯಾಕಪ್‌ಗೆ ಶೇರ್ ಮಾಡಿದ ಡಿವಿಡಿ ಬರ್ನರ್ರಾ, ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಾ?

ಜಯನಗರದ ನಿಮ್ಮ ಆಫೀಸಿನಲ್ಲಿ ನಾಲ್ಕು ಕಂಪ್ಯೂಟರ್, ಬರ್ನರ್, ಅಂದರೆ ಡಿವಿಡಿ ಬರೆಯುವ ಡ್ರೈವ್, ಇರುವುದು ಒಂದರಲ್ಲಿ ಮಾತ್ರ. ಅದನ್ನೇ ಎಲ್ಲರೂ ಬಳಸೋದಾ, ಇಲ್ಲಾ ಎಸ್‌ಪಿ ರೋಡಿಗೆ ಹೋಗಿ ಹಾರ್ಡ್ ಡಿಸ್ಕ್ ತರೋದಾ ಎಂದು ಕೇಳಿದ್ದೀರಿ.

ಮೊದಲು ತೊಡಕಿನ ವಿಷಯ. ಡ್ರೈವ್ ಶೇರ್ ಮಾಡಿದರೆ ಬೇರೆ ಕಂಪ್ಯೂಟರಿನಿಂದ ಡಿಸ್ಕ್ ಓದಬಹುದು, ಆದರೆ ಸಾಮಾನ್ಯವಾಗಿ ಬರೆಯಲು ಆಗುವುದಿಲ್ಲ. ಬರ್ನಿಂಗ್ ಸಾಫ್ಟ್‌ವೇರ್ ಡ್ರೈವ್ ಜೊತೆ ನೇರವಾಗಿ ಮಾತಾಡಬೇಕು. ನಾನೂ ಒಂದು ಸಂಜೆಯಿಡೀ ಇದಕ್ಕೇ ಒದ್ದಾಡಿದ್ದೆ. ಬರ್ನರ್ ಇರುವ ಕಂಪ್ಯೂಟರಿನಲ್ಲಿ ಒಂದು ಫೋಲ್ಡರ್ ಶೇರ್ ಮಾಡಿ, ಫೈಲುಗಳನ್ನು ಅಲ್ಲಿಗೆ ಕಾಪಿ ಮಾಡಿ, ಅಲ್ಲೇ ಕೂತು ಬರ್ನ್ ಮಾಡಿ. ಕೊನೆಗೆ ವೆರಿಫೈ ಮಾಡೋದು, ಅಂದರೆ ಬರೆದದ್ದು ಸರಿಯಾಗಿದೆಯಾ ಎಂದು ನೋಡೋದು, ಮರೀಬೇಡಿ.

ಹಾರ್ಡ್ ಡಿಸ್ಕಿಗೆ ಈ ರಗಳೆ ಇಲ್ಲ. ಚುಚ್ಚಿದರೆ ಆಯ್ತು.

ಒಂದು ಡಿವಿಡಿಯಲ್ಲಿ 4.7 ಜಿಬಿ ಹಿಡಿಯುತ್ತದೆ. ಲೆಕ್ಕಪತ್ರಕ್ಕೆ ಧಾರಾಳ. ಆದರೆ 1 ಟಿಬಿ ಫೋಟೋ, ವಿಡಿಯೋಗೆ ಇನ್ನೂರಕ್ಕೂ ಜಾಸ್ತಿ ಡಿಸ್ಕ್ ಬೇಕು! ಬರ್ನರ್ ಹೇಗೂ ಇದೆ, ಹಾಗಾಗಿ ಸ್ವಲ್ಪ ಡೇಟಾಗೆ ಡಿವಿಡಿಯೇ ಅಗ್ಗ.

ಬಾಳಿಕೆಯಲ್ಲಿ ಎರಡಕ್ಕೂ ಅವುಗಳದ್ದೇ ಭಯ. ಹಾರ್ಡ್ ಡಿಸ್ಕ್ ಮೇಜಿನಿಂದ ಬಿದ್ದರೆ ಕಷ್ಟ, ಸದಾ ಚುಚ್ಚಿಟ್ಟರೆ ರಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್) ಅದನ್ನೂ ಬಿಡುವುದಿಲ್ಲ. ಒಮ್ಮೆ ಬರೆದು ಮುಗಿಸಿದ ಡಿವಿಡಿ-ಆರ್ ಅನ್ನು ವೈರಸ್ ಅಳಿಸಲಾರದು. ಆದರೆ ಕಿಟಕಿಯ ಬಿಸಿಲಿಗೆ ಇಟ್ಟರೆ ಅದರ ಬಣ್ಣದ ಪದರ ಹಾಳಾಗುತ್ತದೆ. ಬೀರುವಿನಲ್ಲಿಡಿ.

ವರ್ಷಕ್ಕೊಮ್ಮೆ, ಮಾರ್ಚ್ ಮುಗಿದ ಮೇಲೆ ಲೆಕ್ಕ ಎತ್ತಿಡುವುದಾದರೆ ಡಿವಿಡಿ ಸಾಕು, ಎರಡು ಪ್ರತಿ ಮಾಡಿ. ದಿನಾ ಬದಲಾಗುವ ಫೈಲುಗಳಿಗೆ ಹಾರ್ಡ್ ಡಿಸ್ಕ್ ತನ್ನಿ, ಕೆಲಸ ಮುಗಿದ ತಕ್ಷಣ ಕೇಬಲ್ ತೆಗೆಯಿರಿ.