ಸಲಹೆ ಕೊಡದ ಆಪ್ತಸಮಾಲೋಚನೆ: ಕೊಟ್ಟ ದುಡ್ಡಿಗೆ ತಕ್ಕ ಸೇವೆಯೇ?

ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ರೂಪಿಸಿದ ವ್ಯಕ್ತಿಕೇಂದ್ರಿತ ಆಪ್ತಸಮಾಲೋಚನೆಯ ಬಗ್ಗೆ ಪದೇಪದೇ ಕೇಳಿಬರುವ ದೂರು: "ಅವರು ಏನೂ ಹೇಳಲೇ ಇಲ್ಲ, ಬರೀ ಕೇಳಿಸಿಕೊಂಡ್ರು." ಅರ್ಧ ನಿಜ. ವಾರಕ್ಕೊಮ್ಮೆ ಸುಮಾರು 50 ನಿಮಿಷ ಮಾತು. ಮನೆಗೆಲಸದ ಹಾಳೆಯಿಲ್ಲ, ಹೀಗೆ ಮಾಡಿ ಎನ್ನುವ ಉಪದೇಶವಿಲ್ಲ. ಆದರೆ ಆ ಕೇಳಿಸಿಕೊಳ್ಳುವುದೇ ಇಲ್ಲಿ ಚಿಕಿತ್ಸೆ. ಅದು ಕೆಟ್ಟರೆ ಶುಲ್ಕ ದಂಡ.

ಕೆಡುವುದು ಹೇಗೆ? "ಮನೆ ತುಂಬ ಜನ ಇದ್ದಾರೆ, ಆದ್ರೂ ಊಟಕ್ಕೆ ಕೂತಾಗ ಒಬ್ಬಳೇ ಅನ್ಸುತ್ತೆ" ಎಂದು ಒಬ್ಬರು ಹೇಳುತ್ತಾರೆ ಅಂದುಕೊಳ್ಳಿ. "ಓ, ಒಬ್ರೇ ಅನ್ಸುತ್ತೆ" ಎನ್ನುವುದು ಗಿಳಿಪಾಠ. "ಎಲ್ಲರ ಮನೇಲೂ ಇದೇ ಕಥೆ, ಹೊಂದ್ಕೊಂಡು ಹೋಗಿ" ಎನ್ನುವುದು ಅದಕ್ಕಿಂತ ಕೆಟ್ಟದ್ದು. ನುರಿತವರು, "ಪಕ್ಕದಲ್ಲೇ ಕೂತಿದ್ದಾರೆ, ಆದ್ರೆ ನಿಮ್ಮ ತನಕ ಯಾರೂ ಬರ್ತಿಲ್ಲ... ಹಾಗಾ?" ಎಂದು ಕೇಳಿ ಕಾಯುತ್ತಾರೆ. ಆಗ "ಇಲ್ಲ, ಬರ್ತಾರೆ. ನಾನೇ ಬಿಟ್ಕೊಳ್ತಿಲ್ಲ" ಎಂಬ ತಿದ್ದುಪಡಿ ಬರಬಹುದು. ಇಡೀ ಭೇಟಿಯ ಫಲ ಆ ತಿದ್ದುಪಡಿಯಲ್ಲಿದೆ, "ಹಾಗಾ?" ಎಂದು ಕೇಳದಿದ್ದರೆ ಅದು ಹೊರಬರುವುದೇ ಇಲ್ಲ.

1957ರ ಪ್ರಬಂಧದಲ್ಲಿ ರೋಜರ್ಸ್ ಚಿಕಿತ್ಸೆಗೆ ಆರು ಷರತ್ತು ಹಾಕಿದ್ದರು. ಸಮಾಲೋಚಕರ ಪ್ರಾಮಾಣಿಕತೆ, ಷರತ್ತಿಲ್ಲದ ಆದರ, ಅನುಭೂತಿ (ಎದುರಿನವರ ಜಾಗದಲ್ಲಿ ನಿಂತು ಅವರ ಭಾವನೆ ಅರಿಯುವುದು) ಈ ಮೂರನ್ನು ತರಬೇತಿ ಪಡೆದವರೆಲ್ಲ ಒಪ್ಪಿಸುತ್ತಾರೆ. ಮರೆಯುವುದು ಆರನೆಯದನ್ನು: ಆ ಆದರ, ಆ ಅನುಭೂತಿ ಬಂದವರಿಗೆ ಸ್ವಲ್ಪವಾದರೂ ಮುಟ್ಟಿರಬೇಕು. ಹಾಗಾಗಿ ತೀರ್ಪು ಕೊಡಬೇಕಾದವರು ನೀವೇ. ಮೂರು-ನಾಲ್ಕು ಭೇಟಿ ಆದರೂ ಮುಟ್ಟದಿದ್ದರೆ ನೇರವಾಗಿ ಹೇಳಿ. ಸಮಾಲೋಚಕರು "ಎಲ್ಲಿ ತಪ್ಪಿದೆ?" ಎಂದು ಕೇಳಿದರೆ ಮುಂದುವರಿಸಿ, ಸಮರ್ಥನೆಗೆ ಇಳಿದರೆ ಬೇರೆಯವರನ್ನು ನೋಡಿಕೊಳ್ಳಿ.

ಬದುಕಿನ ಮೂಲ ಪ್ರಶ್ನೆಗಳನ್ನೇ ಎದುರಿಗಿಡುವ ಅಸ್ತಿತ್ವವಾದಿ ದಾರಿಯವರು ಇನ್ನೊಂದಿಷ್ಟು ಕೆದಕುತ್ತಾರೆ. ಸಾವು, ಸ್ವಾತಂತ್ರ್ಯ, ಒಂಟಿತನ, ಅರ್ಥಹೀನತೆ: ಅಮೆರಿಕದ ಮನೋವೈದ್ಯ ಇರ್ವಿನ್ ಯಾಲೊಮ್ 1980ರಲ್ಲಿ ವಿಂಗಡಿಸಿದ ನಾಲ್ಕು ಚಿಂತೆಗಳು. ನಿವೃತ್ತಿಯಾದವರಿಗೆ, ಮಕ್ಕಳು ದೂರದೇಶ ಸೇರಿದವರಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಹೋದ ತಿಂಗಳಷ್ಟೇ ಗಂಡನನ್ನು ಕಳೆದುಕೊಂಡವರ ಮುಂದೆ ಬದುಕಿನ ಅರ್ಥದ ಪ್ರವಚನ ಶುರುಮಾಡುವ ಸಮಾಲೋಚಕರನ್ನು ಮಾತ್ರ ಕ್ಷಮಿಸಲಾಗದು.

ಇದೇ ದಾರಿಯ ಆಸ್ಟ್ರಿಯಾದ ಮನೋವೈದ್ಯ ವಿಕ್ಟರ್ ಫ್ರಾಂಕ್ಲ್ ಅವರ ಒಂದು ಉಪಾಯ ಬಹಳ ಪ್ರಾಯೋಗಿಕ. ನಿದ್ದೆ ಬಾರದವರು ದೀಪ ಆರಿಸಿ, ಮೊಬೈಲ್ ಮುಟ್ಟದೆ, ಹಾಸಿಗೆಯಲ್ಲಿ ಎಚ್ಚರವಾಗಿಯೇ ಇರಲು ಪ್ರಯತ್ನಿಸಬೇಕು. ನಿದ್ದೆ ಬರಲೇಬೇಕೆಂಬ ಹಟವೇ ನಿದ್ದೆ ಕೆಡಿಸುವುದರಿಂದ, ಹಟ ಬಿಟ್ಟರೆ ಕಣ್ಣು ತಾನಾಗಿ ಎಳೆಯುತ್ತದೆ.

ಎಲ್ಲ ತೊಂದರೆಗೂ ಈ ಬಗೆಯ ಸಮಾಲೋಚನೆ ಮದ್ದಲ್ಲ. ಕೈ ತೊಳೆದದ್ದು ಸಾಲದು, ಚಿಲಕ ಹಾಕಿಲ್ಲ ಎಂಬ ಗೀಳಿಗೆ ವಾರವಾರ ಸಮಾಧಾನ ಹೇಳುತ್ತ ಹೋದರೆ ಗೀಳು ಇನ್ನಷ್ಟು ಬಲಿಯುತ್ತದೆ; ಅದಕ್ಕೆ ಭಯವನ್ನು ಹಂತಹಂತವಾಗಿ ಎದುರಿಸಿ, ಮತ್ತೆ ತೊಳೆಯದೆ ತಡೆದುಕೊಳ್ಳುವ ವರ್ತನಾ ಚಿಕಿತ್ಸೆ ಬೇಕು. ಇಲ್ಲದ ದನಿ ಕೇಳಿಸುತ್ತಿದ್ದರೆ ಮೊದಲು ಮನೋವೈದ್ಯರು. ಸಾಯುವ ಯೋಚನೆ ಬರುತ್ತಿದ್ದರೆ ಮುಂದಿನ ಭೇಟಿಗೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ದುಡ್ಡು ಕಟ್ಟುವ ಮುನ್ನ ಫೋನಿನಲ್ಲೇ ಕೇಳಿಕೊಳ್ಳಿ: ತರಬೇತಿ ಎಲ್ಲಿ ಆಯಿತು, ಅವರ ಕೆಲಸವನ್ನು ಹಿರಿಯರು ಯಾರಾದರೂ ಪರಿಶೀಲಿಸುತ್ತಾರೆಯೇ, ಹೇಳಿದ್ದು ಯಾವ ಸಂದರ್ಭದಲ್ಲಿ ಹೊರಗೆ ಹೋಗುತ್ತದೆ, ಭೇಟಿ ರದ್ದಾದರೆ ಶುಲ್ಕ ಎಷ್ಟು. ನಿಮ್ಮ ಕಡೆಯ ಕನ್ನಡ ಅವರಿಗೆ ತಿಳಿಯುತ್ತದೆಯೇ ಎಂಬುದನ್ನೂ ಕೇಳಿ. "ಹೊಟ್ಟೆಯೊಳಗೆ ಕಿವುಚಿದ ಹಾಗಾಗುತ್ತೆ" ಎಂಬುದನ್ನು ಇಂಗ್ಲಿಷಿಗೆ ತಿರುಗಿಸಿ ವಿವರಿಸುವುದರಲ್ಲೇ ಐದು ನಿಮಿಷ ಹೋದರೆ, ಆ ಸೇವೆಗೆ ನಾವು ಅಂಕ ಕಳೆಯುತ್ತೇವೆ.