ದಿ ಓಡಿನ್ ಪ್ರಾಜೆಕ್ಟ್: ಫೌಂಡೇಶನ್ಸ್ ಮುಗಿಸಿ ಮುಂದೆ ಹೋದವನ ಅಭಿಪ್ರಾಯ

ದಿ ಓಡಿನ್ ಪ್ರಾಜೆಕ್ಟ್ ಅಂದರೆ ವೆಬ್‌ಸೈಟ್ ಮಾಡುವುದನ್ನು ಕಲಿಸುವ ಆನ್‌ಲೈನ್ ಕೋರ್ಸ್, ಫೌಂಡೇಶನ್ಸ್ ಅದರ ಮೊದಲ ಭಾಗ. ನನ್ನ ಜೊತೆ ಶುರು ಮಾಡಿದ ಗೆಳೆಯರು ಇನ್‌ಸ್ಟಾಲೇಶನ್ ಪಾಠದಲ್ಲೇ ಬೇಸತ್ತು ಬಿಟ್ಟರು. ನನ್ನ ಪ್ರಕಾರ ಈ ಕೋರ್ಸಿನಲ್ಲಿ ಬಿಡಲೇಬಾರದ ಭಾಗ ಅದೇ.

ಕೋರ್ಸ್ ಪೂರ್ತಿ ಉಚಿತ, ಓಪನ್ ಸೋರ್ಸ್. ಕೋಡ್ ಬರೆಯುವುದು ಬ್ರೌಸರ್ ಒಳಗಲ್ಲ, ನಮ್ಮದೇ ಲ್ಯಾಪ್‌ಟಾಪಿನಲ್ಲಿ. ಅದೂ ಬರೀ ವಿಂಡೋಸ್ ಸಾಲದು. ಲಿನಕ್ಸ್ ಅಥವಾ ಮ್ಯಾಕ್ ಬೇಕು, ಇಲ್ಲವೇ ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ಡಬ್ಲ್ಯುಎಸ್ಎಲ್ 2 ಹಾಕಿಕೊಳ್ಳಬೇಕು. ಆಮೇಲೆ ಗಿಟ್ (ಕೋಡಿನ ಬದಲಾವಣೆಗಳ ದಾಖಲೆ ಇಡುವುದು), ಎಸ್ಎಸ್ಎಚ್ ಕೀ (ದೂರದ ಸರ್ವರಿಗೆ ನಮ್ಮ ಗುರುತು ತೋರಿಸುವ ಕೀಲಿ), ವಿಎಸ್ ಕೋಡ್ (ಕೋಡ್ ಬರೆಯುವ ಎಡಿಟರ್), ನೋಡ್ (ಬ್ರೌಸರ್ ಇಲ್ಲದೆ ಜಾವಾಸ್ಕ್ರಿಪ್ಟ್ ಓಡಿಸುವುದು). ಹಾಸನದಲ್ಲಿ ಬಿಕಾಂ ಓದಿ ಅಂಗಡಿಗಳ ಲೆಕ್ಕ ಬರೆಯುತ್ತಿದ್ದ ನನಗೆ ಟರ್ಮಿನಲ್ (ಆದೇಶ ಟೈಪ್ ಮಾಡಿ ಕಂಪ್ಯೂಟರ್ ನಡೆಸುವ ಕಿಟಕಿ) ಅಂದರೇನು ಅಂತಲೇ ಗೊತ್ತಿರಲಿಲ್ಲ. ಇವತ್ತು ದಿನ ಬೆಳಗಾದರೆ ಬಳಸುವುದು ಅಲ್ಲಿ ಕಲಿತದ್ದನ್ನೇ.

ಜಾವಾಸ್ಕ್ರಿಪ್ಟ್ ಎಕ್ಸರ್‌ಸೈಜ್‌ಗಳ ರೆಪೊ (ಕೋಡ್ ಇಟ್ಟಿರುವ ಫೋಲ್ಡರ್) ಕ್ಲೋನ್ ಮಾಡಿ, ಅಂದರೆ ನಮ್ಮ ಲ್ಯಾಪ್‌ಟಾಪಿಗೆ ನಕಲು ಇಳಿಸಿಕೊಂಡು, ಒಮ್ಮೆ 'ಎನ್‌ಪಿಎಂ ಇನ್‌ಸ್ಟಾಲ್' ಆದೇಶ ಕೊಟ್ಟು ಬೇಕಾದ ಪ್ಯಾಕೇಜ್‌ಗಳನ್ನು ಇಳಿಸಿಕೊಂಡರೆ ಆಮೇಲೆ ಟೆಸ್ಟ್ ಓಡಿಸಲು ನೆಟ್ ಬೇಡ. ಮಳೆಗಾಲದಲ್ಲಿ ಸಕಲೇಶಪುರದ ಕಡೆಯ ನಮ್ಮ ಮನೆಯಲ್ಲಿ ಕರೆಂಟು, ನೆಟ್‌ವರ್ಕು ಎರಡೂ ಒಟ್ಟಿಗೆ ಹೋಗುತ್ತವೆ. ಬ್ಯಾಟರಿ ಇರುವಷ್ಟು ಹೊತ್ತು ಅಭ್ಯಾಸ ನಿಲ್ಲುವುದಿಲ್ಲ, ನಮ್ಮಂಥವರಿಗೆ ಇದು ಸಣ್ಣ ಮಾತಲ್ಲ. ಪ್ರತಿ ಎಕ್ಸರ್‌ಸೈಜಿಗೂ ಜೆಸ್ಟ್‌ನ ಟೆಸ್ಟ್ ಫೈಲ್ ಇದೆ; ಜೆಸ್ಟ್ ಅಂದರೆ ನಮ್ಮ ಕೋಡ್ ಸರಿಯೇ ಅಂತ ಪರೀಕ್ಷಿಸುವ ಸಾಧನ. ಮೊದಲನೆಯದು ಬಿಟ್ಟು ಉಳಿದ ಟೆಸ್ಟ್‌ಗಳಿಗೆಲ್ಲ 'ಸ್ಕಿಪ್' ಹಾಕಿರುತ್ತಾರೆ. ಒಂದು ಪಾಸಾದ ಮೇಲೆ ಮುಂದಿನದರ ಸ್ಕಿಪ್ ತೆಗೆಯಬೇಕು. ಫೇಲಾದರೆ ಬರಬೇಕಾದದ್ದೇನು, ಬಂದದ್ದೇನು ಅಂತ ಮೇಲೆ ಕೆಳಗೆ ತೋರಿಸುತ್ತದೆ. ಎರರ್ ಕಂಡರೆ ಗಾಬರಿಯಾಗದೆ ಓದುವ ಅಭ್ಯಾಸ ಬಂದದ್ದು ಇದರಿಂದಲೇ.

ಪದದ ಅಕ್ಷರಗಳನ್ನು ಹಿಂದುಮುಂದು ಮಾಡುವ 'ರಿವರ್ಸ್ ಸ್ಟ್ರಿಂಗ್' ಪಾಸಾದ ಮೇಲೆ ಕನ್ನಡ ಕೊಟ್ಟು ನೋಡಿದೆ. 'ಹಾಸನ' ಕೊಟ್ಟರೆ 'ನಸಾಹ' ಬಂತು! ಜಾವಾಸ್ಕ್ರಿಪ್ಟ್ ಲೆಕ್ಕದಲ್ಲಿ ಅದರ ಉದ್ದ 3 ಅಲ್ಲ, 4. ದೀರ್ಘದ ಗುರುತು ಬೇರೆಯೇ ಒಂದು ಎಣಿಕೆ. ತಿರುಗಿಸಿದಾಗ ಅದು ಹಕಾರ ಬಿಟ್ಟು ಸಕಾರಕ್ಕೆ ಅಂಟಿಕೊಳ್ಳುತ್ತದೆ. ಜಾವಾಸ್ಕ್ರಿಪ್ಟಿನಲ್ಲೇ ಇರುವ, ಪದವನ್ನು ನಾವು ಓದುವ ಅಕ್ಷರಗಳಾಗಿ ಒಡೆಯುವ 'ಇಂಟಲ್ ಸೆಗ್ಮೆಂಟರ್' ಬಳಸಿದರೆ 'ನಸಹಾ' ಅಂತ ಸರಿಯಾಗಿ ಬರುತ್ತದೆ. ಕನ್ನಡದಲ್ಲಿ ಆಪ್ ಮಾಡಬೇಕೆನ್ನುವವರು ಇದನ್ನು ಮಾಡಿಯೇ ನೋಡಬೇಕು.

ಮೊದಲ ಪ್ರಾಜೆಕ್ಟ್ ಅಡುಗೆಯ ಪುಟಗಳು, ಬರೀ ಎಚ್‌ಟಿಎಂಎಲ್‌ನಲ್ಲಿ. ನಾನು ಅಮ್ಮನನ್ನು ಕೇಳಿ ಅಕ್ಕಿ ರೊಟ್ಟಿ, ಕಡುಬು, ಕಳಲೆ ಪಲ್ಯ ಹಾಕಿದೆ. ಗಿಟ್‌ಹಬ್ ಪೇಜಸ್‌ಗೆ (ಪುಟಗಳನ್ನು ನೆಟ್‌ನಲ್ಲಿ ಎಲ್ಲರಿಗೂ ಕಾಣುವಂತೆ ಇಡುವ ಜಾಗ) ಏರಿಸಿ ಲಿಂಕ್ ಕಳಿಸಿದರೆ ಬೆಂಗಳೂರಿನ ಚಿಕ್ಕಮ್ಮ ಫೋನಿನಲ್ಲೇ ತೆರೆದು ಓದಿದರು. ಕನ್ನಡ ಪುಟಕ್ಕೆ, ಅಕ್ಷರಗಳನ್ನು ಹೇಗೆ ಓದಬೇಕೆಂದು ಬ್ರೌಸರಿಗೆ ಹೇಳುವ ಯುಟಿಎಫ್-8 ಚಾರ್‌ಸೆಟ್ ಸಾಲು ಮರೆಯಬೇಡಿ, ಅಕ್ಷರ ಕಲಸುಮೇಲೋಗರ ಆಗಬಹುದು.

ಪಾಠವೆಲ್ಲ ಇಂಗ್ಲಿಷ್, ಓದುವುದೂ ಜಾಸ್ತಿ. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ನಿಧಾನವಾಗಿ ಓದಿದರೆ ದಕ್ಕುತ್ತದೆ. ಎಕ್ಸರ್‌ಸೈಜ್ ಫೋಲ್ಡರಿನಲ್ಲೇ ಉತ್ತರವೂ ಇದೆ. ದಯವಿಟ್ಟು ನಿಮ್ಮದು ಪಾಸಾಗುವ ತನಕ ತೆರೆಯಬೇಡಿ.

ರ‍್ಯಾಮ್ 4 ಜಿಬಿ ಇರುವ ಹಳೇ ಲ್ಯಾಪ್‌ಟಾಪ್ ಆದರೆ ವರ್ಚುವಲ್ ಮಷೀನ್ (ಕಂಪ್ಯೂಟರ್ ಒಳಗೇ ಓಡಿಸುವ ಇನ್ನೊಂದು ಕಂಪ್ಯೂಟರ್) ಗೋಜಿಗೆ ಹೋಗದೆ, ಫೋಟೊ ಕಡತಗಳನ್ನೆಲ್ಲ ಬೇರೆ ಡಿಸ್ಕಿಗೆ ತೆಗೆದಿಟ್ಟು, ವಿಂಡೋಸ್ ಜೊತೆಗೇ ಲಿನಕ್ಸ್ ಹಾಕಿ ಡ್ಯುಯಲ್ ಬೂಟ್ ಮಾಡಿಕೊಳ್ಳಿ, ಆನ್ ಮಾಡುವಾಗ ಯಾವುದು ಬೇಕೋ ಅದನ್ನು ಆರಿಸಬಹುದು. ಫೌಂಡೇಶನ್ಸ್ ಆದ ಮೇಲೆ ರೂಬಿ, ಜಾವಾಸ್ಕ್ರಿಪ್ಟ್ ಅಂತ ಎರಡು ದಾರಿ. ನಾನು ಜಾವಾಸ್ಕ್ರಿಪ್ಟ್ ಹಿಡಿದು ಈಗ ರಿಯಾಕ್ಟ್ (ವೆಬ್ ಪುಟ ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿ) ಕಲಿಯುತ್ತಿದ್ದೇನೆ.