ಕೊರಿಯನ್ ಹಂದಿ ಅನ್ನದ ಕಿಟ್ ಅಂತ ಬ್ಯಾಡಗಿ ಖಾರದ ಪುಡಿ ಮಾರ್ತಿದಾರೆ, ಹುಷಾರು

ಮೊದಲು ಹೇಳಬೇಕಾದ್ದು ಹೇಳಿಬಿಡ್ತೀನಿ, ಆಮೇಲೆ ಸಿಟ್ಟಲ್ಲಿ ಮರೆತುಹೋಗುತ್ತೆ. ರೀಲ್ಸ್‌ನಲ್ಲಿ "ಮನೆಯಲ್ಲೇ 20 ನಿಮಿಷದಲ್ಲಿ ಜೆಯುಕ್ ದೊಪ್‌ಬಾಪ್" (ಖಾರವಾಗಿ ಹುರಿದ ಹಂದಿ ಮಾಂಸ ಹಾಕಿದ ಕೊರಿಯನ್ ಅನ್ನ) ಅಂತ ಕಿಟ್ ಮಾರೋರು ಕಂಡ್ರೆ ದುಡ್ಡು ಹಾಕಬೇಡಿ. ನಾನು 1,850 ರೂಪಾಯಿ ಹಾಕಿದೆ. ಬಂದಿದ್ದು ಬ್ಯಾಡಗಿ ಮೆಣಸಿನಕಾಯಿ ಪುಡಿ. ಹೌದು, ನಮ್ಮ ಹಾವೇರಿ ಜಿಲ್ಲೆಯ ಬ್ಯಾಡಗಿನೇ. 2011ರಲ್ಲಿ ಜಿಐ ಟ್ಯಾಗ್ ಸಿಕ್ಕಿದ ಮೆಣಸಿನಕಾಯಿ ಅದು, ಅದಕ್ಕೆ ಮಾಡಿದ ಅವಮಾನಾನೂ ಸೇರಿಸ್ಕೊಳ್ಳಿ.

ನಾನು ಮೂಡಿಗೆರೆ ಕಡೆಯವನು. ಹಂದಿ ನಮಗೇನು ಹೊಸದಲ್ಲ. ಆದ್ರೆ ಮಗಳು ಎಸ್‌ಎಸ್‌ಎಲ್‌ಸಿ ಮುಗಿಸಿ ಕೂತಾಗಿಂದ ಕೊರಿಯನ್ ಸೀರಿಯಲ್ಲೇ ಸೀರಿಯಲ್ಲು. "ಅಪ್ಪಾ, ಅದೇ ಥರ ಕೆಂಪಗೆ ಹುರಿದು ಅನ್ನದ ಮೇಲೆ ಹಾಕಿಕೊಡು" ಅಂತ ಒಂದೇ ಹಟ. ಜೊತೆಗೆ ದಕ್ಷಿಣ ಕೊರಿಯಾದ ಸುವನ್‌ನಲ್ಲಿ ಮೂರು ವರ್ಷ ಕೆಲಸ ಮಾಡಿ ಬಂದ ಆಫೀಸಿನ ಗೆಳೆಯ ಒಬ್ಬ ಇದಾನೆ. ಅವನನ್ನೂ ಭಾನುವಾರ ಊಟಕ್ಕೆ ಕರೆದುಬಿಟ್ಟೆ. ನನಗೆ ಯಾಕೆ ಬೇಕಿತ್ತು!

ಆರ್ಡರ್ ಮಾಡೋ ಕಥೆ ನಿಮಗೆಲ್ಲ ಗೊತ್ತಿರೋದೇ. ಮೆಸೇಜ್ ಹಾಕು, ಸ್ಕ್ಯಾನರ್ ಕಳಿಸ್ತಾರೆ, ಮೊದಲೇ ಪೂರ್ತಿ ದುಡ್ಡು, ಕ್ಯಾಶ್ ಆನ್ ಡೆಲಿವರಿ ಇಲ್ಲ. ನಾಲ್ಕು ಜನಕ್ಕೆ ಆಗೋ ಗೊಚುಜಾಂಗ್ (ಕೊರಿಯಾದ ಖಾರದ ಪೇಸ್ಟ್), ಗೊಚುಗಾರು (ಅಲ್ಲಿಯ ಒಣಮೆಣಸಿನ ಖಾರ), ಗಿಡ್ಡ ಅಕ್ಕಿ, ಸೋಯಾ ಸಾಸ್, ಎಳ್ಳೆಣ್ಣೆ. ಮಾಂಸ ನಮ್ಮದು. ಖಾರ ಎಷ್ಟಿರುತ್ತೆ ಅಂತ ಕೇಳಿದ್ದಕ್ಕೆ "ಮೀಡಿಯಂ ಸರ್, ಪ್ಯೂರ್ ಸುಂಚಾಂಗ್ ಬ್ರ್ಯಾಂಡ್" ಅಂದ್ರು. ಸುಂಚಾಂಗ್ ಅನ್ನೋದು ದಕ್ಷಿಣ ಕೊರಿಯಾದಲ್ಲಿ ಗೊಚುಜಾಂಗಿಗೆ ಹೆಸರಾದ ಊರು, ಕಂಪನಿ ಅಲ್ಲ. ಇದು ನನಗೆ ಗೊತ್ತಾಗಿದ್ದು ಆಮೇಲೆ. ಎಲ್ಲಾ ಗೊತ್ತಾಗಿದ್ದು ಆಮೇಲೇನೇ.

ಬಾಕ್ಸ್ ಬಂದಾಗ ನಾನು ಕಾಲ್‌ನಲ್ಲಿದ್ದೆ, ಮಗಳು ಖುಷಿಗೆ ಪರಪರ ಹರಿದು ಹಾಕಿದ್ಲು. ಗೊಚುಜಾಂಗ್ ಉಪ್ಪಿನಕಾಯಿ ತುಂಬೋ ಬಿಳಿ ಪ್ಲಾಸ್ಟಿಕ್ ಡಬ್ಬಿಯಲ್ಲಿತ್ತು. ಮೇಲೆ ಪ್ರಿಂಟರ್‌ನಲ್ಲಿ ತೆಗೆದ ಸ್ಟಿಕ್ಕರ್. ತಯಾರಿಸಿದ ದಿನ ಇಲ್ಲ, ತರಿಸಿದವರ ವಿಳಾಸ ಇಲ್ಲ, ಎಫ್‌ಎಸ್‌ಎಸ್‌ಎಐ ನಂಬರ್ ಇಲ್ಲ. ನೋಡಿದೆ. ನೋಡಿನೂ ಸುಮ್ಮನಾದೆ. ದೊಡ್ಡ ಡಬ್ಬಿಯಿಂದ ಸ್ವಲ್ಪ ಸ್ವಲ್ಪ ತುಂಬಿ ಕೊಡ್ತಾರೇನೋ ಅಂತ ನನಗೆ ನಾನೇ ಸಮಾಧಾನ ಹೇಳ್ಕೊಂಡೆ.

ಮಾಂಸದ ವಿಷಯದಲ್ಲಿ ನಾನು ಒಂದು ತಪ್ಪೂ ಮಾಡಿಲ್ಲ, ಇದನ್ನ ಬರೆದೇ ಬರೀತೀನಿ. ನಮ್ಮ ಮಾಮೂಲಿ ಅಂಗಡಿಯಲ್ಲಿ ಭುಜದ ಭಾಗ 1 ಕೆಜಿ, ಸ್ವಲ್ಪ ಕೊಬ್ಬಿರೋ ಹಾಗೆ ತಂದೆ. "ಅಷ್ಟು ತೆಳ್ಳಗೆ ನಮ್ಮ ಕತ್ತಿಯಲ್ಲಿ ಬರಲ್ಲ ಸರ್, ಫ್ರೀಜರಲ್ಲಿಟ್ಟು ಅರ್ಧ ಗಟ್ಟಿ ಆದ್ಮೇಲೆ ನೀವೇ ಹೆಚ್ಕೊಳ್ಳಿ" ಅಂದ ಅಂಗಡಿಯವ. ಹಾಗೇ ಮಾಡಿದೆ. ಒಂದೊಂದು ಚೂರೂ ಕಾಗದದ ಥರ. ಬೆಳ್ಳುಳ್ಳಿ, ಶುಂಠಿ, ತುರಿದ ಸೇಬು, ಸೋಯಾ ಸಾಸ್, ಮೂರು ದೊಡ್ಡ ಚಮಚ ಆ ಗೊಚುಜಾಂಗ್, ಎರಡು ಚಮಚ ಆ ಪುಡಿ ಕಲಸಿ ಅರ್ಧ ಗಂಟೆ ಇಟ್ಟೆ. ಕಬ್ಬಿಣದ ಬಾಣಲೆ, ಜೋರು ಉರಿ.

ಹಾಕಿದ ಕೂಡಲೇ ವಿನೆಗರ್ ವಾಸನೆ ಗಪ್ಪಂತ ಎದ್ದು ಬಂತು. ಗೋಬಿ ಮಂಚೂರಿ ಗಾಡಿ ಮುಂದೆ ನಿಂತ ಹಾಗೆ. ಆಮೇಲೆ ನೀರು. ನೀರೋ ನೀರು. ಮಾಂಸ ಹುರಿಯೋ ಬದಲು ಬೇಯೋಕೆ ಶುರುವಾಯ್ತು. ಇನ್ನೂ ಉರಿ ಜಾಸ್ತಿ ಮಾಡಿದ್ರೆ ಮೇಲೆ ಜೋಳದ ಹಿಟ್ಟಿನ ಗಂಜಿ ಥರ ಲೋಳೆ, ತಳದಲ್ಲಿ ಬೆಲ್ಲ ಸೀದ ಕಪ್ಪು. ಈರುಳ್ಳಿ, ಎಲೆಕೋಸು ಹಾಕಿ ಹೆಂಗೋ ಮುಚ್ಚಿದೆ. ಅನ್ನದ ಮೇಲೆ ಸುರಿದು, ಮೊಟ್ಟೆ ಇಟ್ಟು, ಎಳ್ಳು ಉದುರಿಸಿದೆ. ನೋಡೋಕೆ ಮಾತ್ರ, ಅಬ್ಬಾ, ಥಳಥಳ ಕೆಂಪು. ಬ್ಯಾಡಗಿ ಬಣ್ಣ ಅಲ್ವಾ ಮತ್ತೆ!

ಗೆಳೆಯ ಎರಡು ತುತ್ತು ತಿಂದು "ಮೊಟ್ಟೆ ಚೆನ್ನಾಗಿ ಬಂದಿದೆ" ಅಂದ. ಮೊಟ್ಟೆ! ಮಗಳು ಅಷ್ಟೂ ನಾಜೂಕು ಇಟ್ಕೊಳ್ಳದೆ "ಅಪ್ಪಾ, ಇದು ಹಂದಿ ಮಂಚೂರಿ" ಅಂದ್ಲು. ಅಷ್ಟರಲ್ಲಿ ಅಮ್ಮ ಅಡುಗೆಮನೆಯಿಂದ ಆ ಪುಡಿ ಪ್ಯಾಕೆಟ್ ಮೂಸ್ತಾ ಬಂದ್ರು.

"ಲೋ, ಇದು ಬ್ಯಾಡಗಿ ಕಣೋ."

"ಅಲ್ಲಮ್ಮಾ, ಕೊರಿಯಾದ್ದು."

"ಕೊರಿಯಾದಲ್ಲೂ ಬ್ಯಾಡಗಿ ಬೆಳೀತಾರೇನೋ?"

ಊರಿಂದ ಮಿಲ್ಲಲ್ಲಿ ಮಾಡಿಸಿ ತಂದ 2 ಕೆಜಿ ಪುಡಿ ಮನೇಲೇ ಇತ್ತು. ಅದನ್ನೊಂದು ಚಿಟಿಕೆ, ಇದನ್ನೊಂದು ಚಿಟಿಕೆ ಬಿಳಿ ತಟ್ಟೆ ಮೇಲೆ ಹಾಕಿದ್ರು. ಅದೇ ಬಣ್ಣ, ಅದೇ ವಾಸನೆ, ಅದೇ ನುಣುಪು. ಸಾಲದ್ದಕ್ಕೆ ಕೊರಿಯಾದ ಪುಡಿಯೊಳಗೆ ಒಂದು ಧನಿಯಾ ಹೊಟ್ಟು ಸಿಕ್ತು. ಧನಿಯಾ ಹೊಟ್ಟು! ಸಾರಿನ ಪುಡಿ ಮಾಡೋ ಮಿಲ್ಲಲ್ಲೇ ಬೀಸಿದಾರೆ. ಆ ಹೊಟ್ಟನ್ನ ಅಮ್ಮ ಬೆರಳ ತುದಿಯಲ್ಲಿ ಎತ್ತಿ ಹಿಡಿದಾಗ ಗೆಳೆಯ ನಗು ತಡೆಯೋಕೆ ನೀರು ಕುಡಿದ. ನಾನು ಎಲ್ಲಿ ನೋಡಬೇಕೋ ಗೊತ್ತಾಗಲಿಲ್ಲ. ಕರೆದವನು ನಾನು, ವಾರದಿಂದ ಆಫೀಸಲ್ಲಿ ಕೊಚ್ಚಿಕೊಂಡವನೂ ನಾನು.

ಮಾರನೇ ದಿನ ಪಾಪ ಅವನೇ ತನ್ನ ಮನೆ ಫ್ರಿಜ್ಜಿಂದ ಒಂದು ಸಣ್ಣ ಡಬ್ಬಿ ಅಸಲಿ ಗೊಚುಗಾರು ತಂದ್ಕೊಟ್ಟ. ಪುಡಿ ಅಲ್ಲವೇ ಅಲ್ಲ ಅದು. ಬೀಜ ತೆಗೆದು ತರಿತರಿಯಾಗಿ ಕುಟ್ಟಿದ ಸಿಪ್ಪೆ. ಗೊಚುಜಾಂಗ್ ಕೂಡ ಹಾಗೇ ಕಲಸಿಡೋ ಚಟ್ನಿ ಅಲ್ಲವಂತೆ. ಮೆಣಸಿನ ಪುಡಿಗೆ ಅಂಟು ಅಕ್ಕಿ, ಸೋಯಾಕಾಳು ಹುದುಗಿಸಿ ಮಾಡಿದ ಮೆಜು ಪುಡಿ, ಬಾರ್ಲಿ ಮೊಳಕೆ, ಉಪ್ಪು ಸೇರಿಸಿ ತಿಂಗಳುಗಟ್ಟಲೆ ಹುಳಿ ಬರಿಸೋದು. ಚಮಚ ಎತ್ತಿದ್ರೆ ಗಟ್ಟಿಯಾಗಿ ಅಂಟ್ಕೊಂಡು ಬರಬೇಕು. ನನ್ನದು ತೊಟ್ಟಿಕ್ತಿತ್ತು. ಅಲ್ಲಿ ಈ ಊಟ ಸಣ್ಣ ಹೋಟೆಲಲ್ಲಿ ಆಫೀಸಿನೋರು ಮಧ್ಯಾಹ್ನ ತಿನ್ನೋ ಮಾಮೂಲಿ ಊಟವಂತೆ. ಇಲ್ಲಿ ನಾನು ಅದಕ್ಕೆ ಮದುವೆ ಮನೆ ಥರ ಒದ್ದಾಡಿದ್ದೀನಿ.

ಈಗ ಮಾರಿದವರ ಉತ್ತರಗಳು. ಒಂದೊಂದೂ ಓದಿ.

ಇದು ಗೊಚುಗಾರು ಅಲ್ಲ ಅಂದೆ. "ಕೊರಿಯನ್ ಟೇಸ್ಟ್ ನಿಮಗೆ ಹೊಸದು ಸರ್, ಎರಡು ಸಲ ತಿಂದ್ರೆ ಸೆಟ್ ಆಗುತ್ತೆ."

ಧನಿಯಾ ಹೊಟ್ಟಿನ ಫೋಟೋ ಕಳಿಸಿದೆ. "ಅದು ಕೊರಿಯನ್ ಹರ್ಬ್ ಸರ್."

ಬ್ಯಾಡಗಿ ಅಂತ ನಮ್ಮಮ್ಮನೇ ಹೇಳಿದ್ರು ಅಂದೆ. "ಅಲ್ಲಿಯವರೂ ಮೆಣಸಿನಕಾಯಿನೇ ತಿನ್ನೋದು ಸರ್."

ದುಡ್ಡು ವಾಪಸ್ ಕೊಡಿ ಅಂದೆ. "ಅನ್‌ಬಾಕ್ಸಿಂಗ್ ವಿಡಿಯೋ ಇದ್ಯಾ? ಇಲ್ದೆ ಆಗಲ್ಲ. ಅದೂ ಅಡುಗೆ ಮಾಡ್ಬಿಟ್ಟಿದೀರ." ಅಡುಗೆ ಮಾಡ್ದೆ ಅಡುಗೆ ಸಾಮಾನು ಮೋಸ ಅಂತ ಗೊತ್ತಾಗೋದು ಹೇಗ್ರೀ?

1915ಕ್ಕೆ ದೂರು ಕೊಡ್ತೀನಿ ಅಂದೆ. ಒಂದು ನಗೋ ಮುಖ ಬಂತು. ಆಮೇಲೆ ಬ್ಲಾಕ್. ಗ್ರಾಹಕರ ಸಹಾಯವಾಣಿ ಅದು, ದೂರು ದಾಖಲಾಗಿದೆ. ದುಡ್ಡು ಬಂದಿಲ್ಲ.

ಮಾಡಲೇಬೇಕು ಅನ್ನೋರಿಗೆ ನನ್ನ ಹೊಟ್ಟೆಯುರಿಯ ಸಲಹೆ ಇಷ್ಟೇ. ಕಂಪನಿ ಸೀಲ್ ಇರೋ ಕೆಂಪು ಡಬ್ಬಿನೇ ತಗೊಳ್ಳಿ. ಅಲ್ಲಿ ಸಾಮಾನ್ಯವಾಗಿ ಕೆಂಪು ಡಬ್ಬಿ ಗೊಚುಜಾಂಗ್, ಕಂದು ದೊಎನ್‌ಜಾಂಗ್ (ಸೋಯಾಕಾಳಿನ ಪೇಸ್ಟ್), ಹಸಿರು ಸಾಮ್‌ಜಾಂಗ್ (ಅವೆರಡನ್ನೂ ಬೆರೆಸಿದ ಪೇಸ್ಟ್). ಎಷ್ಟೋ ಡಬ್ಬಿ ಮೇಲೆ ಖಾರದ ಮಟ್ಟ 5 ಹಂತದಲ್ಲಿ ಗುರುತು ಮಾಡಿರ್ತಾರೆ. ತರಿಸಿದವರ ಹೆಸರು, ವಿಳಾಸ, 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇಲ್ಲ ಅಂದ್ರೆ ಮುಟ್ಟಬೇಡಿ. ಬೆಂಗಳೂರಲ್ಲಿ ಕೊರಿಯನ್ ಸಾಮಾನು ಸಿಗೋ ಅಂಗಡಿಗಳೇ ಇವೆ, ಹೋಗಿ ಕಣ್ಣಾರೆ ನೋಡಿ ತಗೊಳ್ಳಿ. ನನ್ನ ಹಾಗೆ ಸೋಫಾ ಮೇಲೆ ಕೂತು ಸ್ಕ್ಯಾನ್ ಮಾಡಬೇಡಿ. ಪಾರ್ಸೆಲ್ ಒಡೆಯುವಾಗ ವಿಡಿಯೋ ಮಾಡಿ, ಮಕ್ಕಳ ಕೈಗೆ ಕೊಡಬೇಡಿ.

ಉಳಿದ ಪುಡಿ ಅಮ್ಮ ಮೀನು ಸಾರಿಗೆ ಹಾಕಿದ್ರು. ಸಾರು ಚೆನ್ನಾಗಿತ್ತು, ಅದೇ ಇನ್ನೂ ಉರಿ.

ಬರೆದು ಮುಗಿಸೋಣ ಅಂದ್ಕೊಂಡಿದ್ದೆ, ನಿನ್ನೆ ರಾತ್ರಿ ಮಗಳು ಫೋನ್ ತಂದು ತೋರಿಸಿದ್ಲು. ಬೇರೆ ಹೆಸರು, ಅದೇ ಬಿಳಿ ಡಬ್ಬಿ, ಬೆಲೆ 1,999. "ನಮ್ಮ ಗ್ರಾಹಕರ ಮನೆಯಿಂದ" ಅಂತ ಒಂದು ಫೋಟೋ. ನಾನು ದೂರಿಗೆ ಅಂತ ಆ ಮಾರಿದವರಿಗೆ ಕಳಿಸಿದ್ದ ಫೋಟೋ ಅದು! ನೀಲಿ ಅಂಚಿನ ಪಿಂಗಾಣಿ ಬಟ್ಟಲು, ಕೆಂಪು ಮಾಂಸ, ಮೇಲೆ ಮೊಟ್ಟೆ, ಮೂಲೆಯಲ್ಲಿ ಎರಡು ಹಸಿರು ಗಾಜಿನ ಬಳೆ ಇರೋ ಕೈ. ಆ ಕೈ ನಮ್ಮಮ್ಮಂದು. ಆ ಫೋಟೋ ಕಂಡ್ರೆ ಆರ್ಡರ್ ಮಾಡಬೇಡಿ.